ಫುಲ್ ಎ ಪ್ಲಸ್ ಫ್ಲೆಕ್ಸಿನಿಂದ ರೀಲ್ಸಿನವರೆಗೆ: ಗಡಿನಾಡಿನ ಹದಿಹರೆಯ ಮತ್ತು ಮನೆಯ ಮಾತು

ಮೇ ತಿಂಗಳಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದದ್ದೇ ತಡ, ಗಡಿಜಿಲ್ಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳ, ಪೆರ್ಲದ ಪೇಟೆಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಶಾಲೆಯದ್ದೊಂದು, ಟ್ಯೂಷನ್ ಸೆಂಟರಿನದ್ದೊಂದು, ಊರಿನ ಕ್ಲಬ್ಬಿನದ್ದೊಂದು. ವಾರ್ಡ್ ಮೆಂಬರರ ನಗುಮುಖ ಮಕ್ಕಳ ಮುಖಕ್ಕಿಂತ ದೊಡ್ಡದಾಗಿರುವ ಇನ್ನೊಂದೂ ಇರುತ್ತದೆ. ಎಲ್ಲದರ ಒಕ್ಕಣೆ ಒಂದೇ: ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಪಡೆದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳಿಗೆ ಅಭಿನಂದನೆಗಳು. ಹತ್ತರಲ್ಲಿ ಒಂಬತ್ತು ಎ ಪ್ಲಸ್, ಒಂದು ಎ ಬಂದ ಮಗುವಿನ ಫೋಟೋ ಅಲ್ಲಿ ಹೆಚ್ಚಾಗಿ ಇರುವುದಿಲ್ಲ. ಇದ್ದರೂ ಕೆಳಗಿನ ಸಾಲಿನಲ್ಲಿ, ಅರ್ಧ ಗಾತ್ರದಲ್ಲಿ.

ಕೇರಳ ಸರಕಾರ ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಪದ್ಧತಿಯನ್ನು ಕೈಬಿಟ್ಟು ಗ್ರೇಡ್ ತಂದದ್ದು 2005ರಲ್ಲಿ. ಅಂಕಕ್ಕಾಗಿ ನಡೆಯುವ ಓಟ ನಿಲ್ಲಲಿ, ಮಕ್ಕಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವುದು ತಪ್ಪಲಿ ಎಂಬ ಆಶಯ ಅದಕ್ಕಿತ್ತು. ಆಶಯ ಒಳ್ಳೆಯದೇ. ಆದರೆ ಸಮಾಜಕ್ಕೆ ಅಳೆಯಲು ಏನಾದರೂ ಬೇಕಲ್ಲ. ಪಾಸಾಗುವವರ ಪ್ರಮಾಣ 99 ಶೇಕಡಾದ ಆಸುಪಾಸಿಗೆ ಬಂದ ಮೇಲೆ ‘ಪಾಸ್’ ಎಂಬುದು ಸುದ್ದಿಯಾಗಿ ಉಳಿಯಲಿಲ್ಲ, ‘ಫುಲ್ ಎ ಪ್ಲಸ್’ ಹೊಸ ಅಳತೆಗೋಲಾಯಿತು. 2020ರಲ್ಲಿ ರಾಜ್ಯದಾದ್ಯಂತ ಅದನ್ನು ಪಡೆದವರು 41,906 ಮಂದಿ. ಕೊರೊನಾ ವರ್ಷವಾದ 2021ರಲ್ಲಿ 1,21,318. ಲಕ್ಷ ದಾಟಿದವರ ಗುಂಪಿನಲ್ಲಿ ಸೇರಲಾಗದ ಮಗುವಿಗೆ ಆ ಬೇಸಗೆ ಹೇಗಿದ್ದಿರಬಹುದು ಎಂದು ಯಾರೂ ಕೇಳಲಿಲ್ಲ.

ಇನ್‌ಸ್ಟಾಗ್ರಾಂ ನೋಡಿ ಮಕ್ಕಳು ತಮ್ಮನ್ನು ಬೇರೆಯವರೊಂದಿಗೆ ಹೋಲಿಸಿಕೊಂಡು ಕುಗ್ಗುತ್ತಿದ್ದಾರೆ ಎಂಬ ಮಾತು ಈಗ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲೂ ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲೂ ಕೇಳಿಬರುತ್ತದೆ. ಅದು ಸುಳ್ಳಲ್ಲ. ಆದರೆ ಹೋಲಿಕೆಯನ್ನು ಮಕ್ಕಳು ಫೋನಿನಿಂದ ಕಲಿತರು ಎಂಬುದನ್ನು ನಾನು ಒಪ್ಪುವುದಿಲ್ಲ. ಪೇಟೆಯ ಮಧ್ಯೆ ಅವರನ್ನು ಸಾಲಾಗಿ ನಿಲ್ಲಿಸಿದವರು ನಾವು ದೊಡ್ಡವರು. ಫೋನು ಮಾಡಿದ್ದು, ಆ ಸಾಲಿಗೆ ರಜೆಯೇ ಇಲ್ಲದ ಹಾಗೆ. ಅದರ ಪೆಟ್ಟನ್ನು ತಗ್ಗಿಸುವ ಶಕ್ತಿ ಮನೆಯೊಳಗಿನ ಮಾತುಕತೆಗೆ ಇದೆ. ಆದರೆ ನಮ್ಮ ಮನೆಗಳಲ್ಲಿ ಮಗು ಬಾಯಿಬಿಟ್ಟರೆ ತೆರಬೇಕಾದ ಬೆಲೆ ಬಹಳ ಹೆಚ್ಚು. ತೊಡಕು ಇರುವುದು ಅಲ್ಲಿ.

ಫೋನು ಮಕ್ಕಳ ಕೈಗೆ ಬಂದ ಬಗೆ

2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ ಎಲ್ಲದಕ್ಕೂ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ಉತ್ತರ ಭಾಗ ಒಮ್ಮೆಲೇ ಮನೆಯೊಳಗಾಯಿತು. ಜೂನ್ 1ರಿಂದ ಕೇರಳ ಸರಕಾರದ ಶಿಕ್ಷಣ ಚಾನೆಲ್ ಕೈಟ್ ವಿಕ್ಟರ್ಸಿನ ‘ಫಸ್ಟ್ ಬೆಲ್’ ತರಗತಿಗಳು ಶುರುವಾದವು. ಕನ್ನಡ ಮಾಧ್ಯಮದ ಮಕ್ಕಳ ಪಾಠಗಳೂ ಆನ್‌ಲೈನಿಗೆ ಬಂದವು. ಅಲ್ಲಿಯವರೆಗೆ ‘ಹತ್ತನೇ ಕ್ಲಾಸು ಮುಗಿದ ಮೇಲೆ ನೋಡುವಾ’ ಎನ್ನುತ್ತಿದ್ದ ಅಪ್ಪಂದಿರು ಸಾಲ ಮಾಡಿ ಸ್ಮಾರ್ಟ್‌ಫೋನ್ ತಂದರು. ರೇಂಜ್ ಸಿಗದ ಕಡೆಯವರು ಮಕ್ಕಳನ್ನು ಗುಡ್ಡೆಗೆ ಕಳಿಸಿದರು. ಅದೇ ಜೂನ್ 29ಕ್ಕೆ ಭಾರತ ಟಿಕ್‌ಟಾಕ್ ನಿಷೇಧಿಸಿತು, ಜುಲೈಯಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಶಾಲೆ ಎಂಬ ಹೆಸರಿನಲ್ಲಿ ಮನೆಗೆ ಬಂದ ಫೋನಿನಲ್ಲಿ ಕೆಲವೇ ವಾರಗಳಲ್ಲಿ ರೀಲ್ಸೂ ಇತ್ತು. ‘ಮಕ್ಕಳಿಗೆ ಫೋನ್ ಕೊಟ್ಟದ್ದು ಯಾರು’ ಎಂದು ಬೈಯುವ ಅಜ್ಜಂದಿರು ಈ ಕಾಲಕ್ರಮವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಕೊಟ್ಟದ್ದು ಪಾಠಕ್ಕೆ.

ಮನುಷ್ಯ ತನ್ನನ್ನು ತಾನು ಅಳೆದುಕೊಳ್ಳಲು ಬೇರೆಯವರನ್ನು ನೋಡುತ್ತಾನೆ, ಅದರಲ್ಲೂ ತನ್ನಂತೆ ಇರುವವರನ್ನು ನೋಡುತ್ತಾನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದ. ಹಿಂದೆ ಈ ‘ತನ್ನಂತೆ ಇರುವವರು’ ಎಂದರೆ ಪಕ್ಕದ ಬೆಂಚಿನವನು, ಅತ್ತೆಯ ಮಗಳು, ಬಸ್ಸಿನಲ್ಲಿ ಸಿಗುವ ಆಚೆ ಶಾಲೆಯ ಹುಡುಗ. ಅವರ ಚಂದವನ್ನೂ ಕಂಡಿರುತ್ತೇವೆ, ಅವರಿಗೆ ಜ್ವರ ಬಂದದ್ದನ್ನೂ ಅಪ್ಪನ ಕೈಯಿಂದ ಪೆಟ್ಟು ತಿಂದದ್ದನ್ನೂ ಕಂಡಿರುತ್ತೇವೆ. ರೀಲ್ಸಿನಲ್ಲಿ ಬರುವವಳೂ ಹದಿನಾರರ ಹುಡುಗಿಯೇ. ನಮ್ಮದೇ ಥರದ ಸಮವಸ್ತ್ರ, ನಮ್ಮದೇ ಥರದ ಅಂಗಳ. ಆದರೆ ಅವಳ ಆ ಮೂವತ್ತು ಸೆಕೆಂಡು ಬಿಟ್ಟರೆ ಉಳಿದ ದಿನ ಕಾಣುವುದಿಲ್ಲ. ಫಿಲ್ಟರ್ ಅವಳ ಮೊಡವೆ ಅಳಿಸಿದೆ, ಬಣ್ಣ ತಿಳಿ ಮಾಡಿದೆ. ನೋಡುವವಳಿಗೆ ಅದು ಬುದ್ಧಿಗೆ ಗೊತ್ತು. ಗೊತ್ತಿದ್ದೂ ಕನ್ನಡಿಯ ಮುಂದೆ ನಿಂತಾಗ ಮನಸ್ಸು ಕೇಳುವುದಿಲ್ಲ. ಹುಡುಗರದ್ದು ಬೇರೆ ಲೆಕ್ಕ: ಜಿಮ್ಮಿನ ತೋಳು, ಹೊಸ ಬೈಕು, ಸೆವೆನ್ಸ್ ಫುಟ್‌ಬಾಲ್ ಪಂದ್ಯದ ಗೋಲು, ದುಬೈಯಲ್ಲಿರುವ ಅಣ್ಣ ಕಳಿಸಿದ ಶೂ. ಹುಡುಗರು ಇದನ್ನು ಹೇಳಿಕೊಳ್ಳುವುದು ಇನ್ನೂ ಕಡಿಮೆ, ಆದ್ದರಿಂದ ಅವರಿಗೆ ಏನೂ ಆಗುವುದಿಲ್ಲ ಎಂದು ನಾವು ತಿಳಿದಿದ್ದೇವೆ.

ಸಂಶೋಧನೆಗಳು ಏನು ಹೇಳುತ್ತವೆ? ಒಂದೇ ದನಿಯಲ್ಲಿ ಹೇಳುವುದಿಲ್ಲ. 2021ರಲ್ಲಿ, ಇನ್‌ಸ್ಟಾಗ್ರಾಂನ ಒಡೆತನವಿರುವ ಫೇಸ್‌ಬುಕ್ ಕಂಪೆನಿಯ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹೌಗೆನ್ ಹೊರಗೆ ತಂದ ಆಂತರಿಕ ದಾಖಲೆಗಳಲ್ಲಿ ಒಂದು ಮಾತಿತ್ತು: ತಮ್ಮ ದೇಹದ ಬಗ್ಗೆ ಬೇಸರಗೊಂಡಿದ್ದ ಹದಿಹರೆಯದ ಹುಡುಗಿಯರಲ್ಲಿ 32 ಶೇಕಡಾ ಮಂದಿ, ಇನ್‌ಸ್ಟಾಗ್ರಾಂ ಆ ಬೇಸರವನ್ನು ಇನ್ನೂ ಹೆಚ್ಚಿಸಿತು ಎಂದಿದ್ದರು. ಕಂಪೆನಿಯೇ ಕೇಳಿ ತಿಳಿದುಕೊಂಡದ್ದು ಅದು. 2023ರ ಮೇಯಲ್ಲಿ ಅಮೆರಿಕ ಸರಕಾರದ ಹಿರಿಯ ಜನಾರೋಗ್ಯ ಅಧಿಕಾರಿ, ಆಗಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ (ಮೂಲ ನಮ್ಮ ಮಂಡ್ಯದ ಹಲ್ಲೆಗೆರೆ) ಹೊರಡಿಸಿದ ಎಚ್ಚರಿಕೆಯಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸಾಮಾಜಿಕ ಜಾಲತಾಣ ನೋಡುವ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ತೊಂದರೆಯ ಅಪಾಯ ಇಮ್ಮಡಿ ಎಂದಿತ್ತು. ಆದರೆ ಅದೇ ವರ್ಷದ ಕೊನೆಗೆ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ, ಇಡೀ ಪೀಳಿಗೆಯ ಆರೋಗ್ಯ ಕೆಡಲು ಜಾಲತಾಣವೇ ಕಾರಣ ಎನ್ನುವಷ್ಟು ಪುರಾವೆ ಇಲ್ಲ ಎಂದಿತು. ಬ್ರಿಟನ್ನಿನ ಏಮಿ ಓರ್ಬೆನ್ ಮತ್ತು ಆಂಡ್ರೂ ಶಿಬಿಲ್‌ಸ್ಕಿ 2019ರಲ್ಲಿ ದೊಡ್ಡ ದೊಡ್ಡ ಸಮೀಕ್ಷೆಗಳನ್ನು ಜಾಲಾಡಿ, ಹದಿಹರೆಯದವರ ನೆಮ್ಮದಿಯಲ್ಲಿನ ಏರಿಳಿತದಲ್ಲಿ ಡಿಜಿಟಲ್ ಬಳಕೆ ವಿವರಿಸಬಲ್ಲ ಪಾಲು ಹೆಚ್ಚೆಂದರೆ 0.4 ಶೇಕಡಾ ಎಂದಿದ್ದರು.

ಹಾಗಾದರೆ ಯಾರನ್ನು ನಂಬುವುದು? ನೆದರ್ಲೆಂಡ್ಸಿನ 2020ರ ಒಂದು ಸಣ್ಣ ಅಧ್ಯಯನ ಈ ಗೊಂದಲವನ್ನು ಸ್ವಲ್ಪ ಬಿಡಿಸುತ್ತದೆ. 63 ಮಕ್ಕಳಿಗೆ ದಿನದಲ್ಲಿ ಹಲವು ಬಾರಿ ಫೋನಿನಲ್ಲೇ ಪ್ರಶ್ನೆ ಕಳಿಸಿ, ಸುಮ್ಮನೆ ಪೋಸ್ಟುಗಳನ್ನು ನೋಡುತ್ತಾ ಹೋದಾಗ ಹೇಗನಿಸಿತು ಎಂದು ಸಂಶೋಧಕರು ಕೇಳಿದರು. 46 ಶೇಕಡಾ ಮಕ್ಕಳಿಗೆ ಹಿತವೆನಿಸಿತು, 44 ಶೇಕಡಾ ಮಕ್ಕಳಿಗೆ ಏನೂ ವ್ಯತ್ಯಾಸವಾಗಲಿಲ್ಲ, 10 ಶೇಕಡಾ ಮಕ್ಕಳು ಕುಗ್ಗಿದರು. ಸರಾಸರಿ ತೆಗೆದರೆ ತೊಂದರೆ ಕಾಣುವುದೇ ಇಲ್ಲ. ನಲುವತ್ತು ಮಕ್ಕಳ ತರಗತಿಯಲ್ಲಿ ಆ ಹತ್ತು ಶೇಕಡಾ ಎಂದರೆ ನಾಲ್ವರು. ಆ ನಾಲ್ವರಲ್ಲಿ ನಮ್ಮ ಮನೆಯದ್ದೂ ಒಂದು ಇದೆಯೇ ಎಂಬುದನ್ನು ಯಾವ ಸಂಶೋಧನೆಯೂ ಹೇಳಿಕೊಡದು, ಮಗುವೇ ಹೇಳಬೇಕು.

ನಾಲ್ಕು ದಿಕ್ಕಿನ ಅಳತೆ

ಗಡಿಯ ಮಗುವಿಗೆ ಇನ್ನೊಂದು ಕಷ್ಟ ಇದೆ. ಬೆಂಗಳೂರಿನ ಹುಡುಗನಿಗಾಗಲಿ ಕೊಚ್ಚಿಯ ಹುಡುಗಿಗಾಗಲಿ ಇದು ಇಷ್ಟಿಲ್ಲ. 1956ರ ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಟಿ, ಉರ್ದು ಒಂದೇ ಬಸ್ಸಿನಲ್ಲಿ ಕೇಳುತ್ತವೆ. ಅದನ್ನು ನಾವು ಸಪ್ತಭಾಷಾ ಸಂಗಮ ಎಂದು ವೇದಿಕೆಯಲ್ಲಿ ಕೊಂಡಾಡುತ್ತೇವೆ. ಅದೇ ಮಗು ಫೋನ್ ತೆರೆದರೆ ನಾಲ್ಕು ದಿಕ್ಕಿನ ಅಳತೆಗೋಲು ಒಟ್ಟಿಗೆ ಬರುತ್ತದೆ. ತೆಂಕಣದ ಮಲಯಾಳಿ ಮಕ್ಕಳ ಸಲೀಸು ಮಾತು ಮತ್ತು ಉಡುಗೆ. ಮಂಗಳೂರು, ಮೂಡುಬಿದಿರೆಯ ಕಾಲೇಜುಗಳಲ್ಲಿ ಪಿಯುಸಿ ಸೇರಿದ ಹಳೇ ಸಹಪಾಠಿಗಳ ಹಾಸ್ಟೆಲ್ ಫೋಟೋ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಕ್ಕಳ ಮಾಲು, ಕಾಫಿ. ಕೊಲ್ಲಿಯಲ್ಲಿ ಹುಟ್ಟಿ ಬೆಳೆದ ನೆಂಟರ ಈದ್ ಉಡುಗೆ, ಕಾರು. ಇಲ್ಲಿ ಪ್ಲಸ್ ವನ್ ಸೇರುವುದೇ, ಗಡಿ ದಾಟಿ ಪಿಯುಸಿಗೆ ಹೋಗುವುದೇ ಎಂಬ ಪ್ರಶ್ನೆಯೂ ಈಗ ಅರ್ಧ ಇನ್‌ಸ್ಟಾಗ್ರಾಂನಲ್ಲೇ ತೀರ್ಮಾನವಾಗುತ್ತದೆ.

ಇದರ ಮೇಲೆ ಭಾಷೆಯ ಪೆಟ್ಟು. ಕಾಸರಗೋಡಿನ ಮಗು ಕನ್ನಡದಲ್ಲಿ ಒಂದು ವಿಡಿಯೋ ಹಾಕಿದರೆ, ಇದು ಯಾವ ಊರ ಕನ್ನಡ, ಮಲಯಾಳದ ಹಾಗೆ ಕೇಳುತ್ತದಲ್ಲ ಎಂಬ ಕಮೆಂಟು ಘಟ್ಟದ ಮೇಲಿನಿಂದ ಬರುತ್ತದೆ. ಮಲಯಾಳದಲ್ಲಿ ಹಾಕಿದರೆ ಉಚ್ಚಾರ ನೋಡಿ ತೆಂಕಣದವರು ನಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗಂತೂ ಇಂಗ್ಲಿಷ್ ಮೀಡಿಯಂ ಮಕ್ಕಳ ಮುಂದೆ ಮೊದಲೇ ಒಂದು ಅಳುಕಿರುತ್ತದೆ.

ಆದರೆ ಇದೇ ಫೋನಿನಲ್ಲಿ ಬೇರೊಂದು ಚಿತ್ರವೂ ಇದೆ. ಯಕ್ಷಗಾನ ಕಲಿಯುವ ಮಕ್ಕಳು ಚೆಂಡೆಯ ಪೆಟ್ಟನ್ನೋ ಒಂದು ಭಾಮಿನಿಯನ್ನೋ ಹಾಡಿ ಹಾಕುತ್ತಾರೆ. ಪುತ್ತೂರು, ಉಡುಪಿ, ಹೊನ್ನಾವರದವರು ಅದನ್ನು ನೋಡುತ್ತಾರೆ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಅದಕ್ಕೆ ತಯಾರಾಗುವ ತಂಡಗಳ ಮಕ್ಕಳಿಗೆ ತಮ್ಮ ಶಾಲೆಯಲ್ಲಿ ಸಿಗದ ಒಡನಾಡಿಗಳು ಅಲ್ಲಿ ಸಿಕ್ಕಿದ್ದಾರೆ. ತರಗತಿಯಲ್ಲಿ ‘ಆಟದ ಹುಚ್ಚ’ ಎಂದು ನಗೆಪಾಟಲಾದ ಹುಡುಗ ಅಲ್ಲಿ ಭಾಗವತ. ಹಿತವೆನಿಸಿದ ಆ 46 ಶೇಕಡಾ ಮಂದಿಯನ್ನು ಇಂಥವರಲ್ಲಿ ಹುಡುಕಬೇಕು. ಫೋನು ಕಿತ್ತುಕೊಳ್ಳುವಾಗ ಇದನ್ನೂ ಕಿತ್ತುಕೊಳ್ಳುತ್ತೇವೆ.

ಹೇಳಿದರೆ ಏನಾಗುತ್ತದೆ

‘ಎಂತ ನೋಡುದು ಅದ್ರಲ್ಲಿ ಇಡೀ ದಿನ?’

‘ಎಂತ ಇಲ್ಲ.’

ನಮ್ಮ ಕಡೆಯ ಮನೆಗಳಲ್ಲಿ ಫೋನಿನ ಬಗ್ಗೆ ನಡೆಯುವ ಸಂವಾದ ಸಾಮಾನ್ಯವಾಗಿ ಇಷ್ಟೇ. ಕೇಳಿದ ಅಮ್ಮನಿಗೆ ಉತ್ತರ ಬೇಕಾಗಿಲ್ಲ, ಹೇಳಿದ ಮಗುವಿಗೆ ಕೇಳಿದ್ದು ಪ್ರಶ್ನೆ ಅಂತ ಅನಿಸಿಯೂ ಇಲ್ಲ.

2000ದಲ್ಲಿ ಸ್ವೀಡನ್ನಿನ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ತರಲೇಬೇಕು. ಮಕ್ಕಳ ಮೇಲೆ ಕಣ್ಣಿಡುವ ಹೆತ್ತವರ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂದು ಅಲ್ಲಿಯವರೆಗೆ ನಂಬಲಾಗಿತ್ತು. ಇವರಿಬ್ಬರು ಹದಿನಾಲ್ಕರ ಹರೆಯದ ಸುಮಾರು ಏಳುನೂರು ಮಕ್ಕಳನ್ನೂ ಅವರ ಹೆತ್ತವರನ್ನೂ ಕೇಳಿ ನೋಡಿದರು: ಮಗುವಿನ ದಿನಚರಿಯ ಬಗ್ಗೆ ಹೆತ್ತವರಿಗೆ ಗೊತ್ತಿರುವುದು ಎಲ್ಲಿಂದ ಬಂತು? ಕಾವಲಿನಿಂದ, ಕೆದಕಿ ಕೇಳಿದ್ದರಿಂದ ಬಂದದ್ದು ಸ್ವಲ್ಪ. ಬಹುಪಾಲು ಬಂದದ್ದು ಮಗು ತಾನಾಗಿ ಹೇಳಿದ್ದರಿಂದ. ಎಂದರೆ ನಾವು ‘ಕಣ್ಣಿಟ್ಟಿದ್ದೇವೆ’ ಎಂದುಕೊಂಡದ್ದರ ಹೆಚ್ಚಿನ ಪಾಲು ಮಗು ನಮಗೆ ಕೊಟ್ಟ ವಿಶ್ವಾಸ. ಅದು ಕೊಡುವುದನ್ನು ನಿಲ್ಲಿಸಿದರೆ ನಮಗೆ ತಿಳಿಯುವ ದಾರಿಯೇ ಮುಚ್ಚುತ್ತದೆ.

ಮಗು ಯಾವಾಗ ನಿಲ್ಲಿಸುತ್ತದೆ? ಒಂಬತ್ತನೇ ತರಗತಿಯ ಹುಡುಗಿಗೆ ಗುರುತಿಲ್ಲದವನೊಬ್ಬ ಮೆಸೇಜ್ ಕಳಿಸುತ್ತಾನೆ ಎಂದಿಟ್ಟುಕೊಳ್ಳೋಣ. ಅಥವಾ ಸಹಪಾಠಿಗಳ ಗ್ರೂಪಿನಲ್ಲಿ ಅವಳ ಬಣ್ಣದ ಬಗ್ಗೆ ಯಾರೋ ತಮಾಷೆ ಮಾಡುತ್ತಾರೆ. ಅವಳು ಮನೆಯಲ್ಲಿ ಹೇಳಿದರೆ ಮುಂದಿನದ್ದು ಅವಳಿಗೆ ಬಾಯಿಪಾಠ. ಮೊದಲು ಫೋನು ಹೋಗುತ್ತದೆ. ‘ನೀನ್ಯಾಕೆ ಫೋಟೋ ಹಾಕಿದ್ದು’ ಎಂಬ ವಿಚಾರಣೆ ನಡೆಯುತ್ತದೆ. ಅಣ್ಣನಿಗೆ ಸುದ್ದಿ ಹೋಗುತ್ತದೆ, ಅವನು ಪಾಸ್‌ವರ್ಡ್ ಕೇಳುತ್ತಾನೆ. ಸಂಜೆಗೆ ಚಿಕ್ಕಮ್ಮನಿಗೂ ಗೊತ್ತಾಗುತ್ತದೆ. ಕೊನೆಗೆ ಟ್ಯೂಷನ್ನಿಗೆ, ಸ್ನೇಹಿತೆಯ ಮನೆಗೆ ಹೋಗುವುದಕ್ಕೂ ಕತ್ತರಿ ಬೀಳುತ್ತದೆ. ತಪ್ಪು ಮಾಡಿದವನು ಎಲ್ಲೋ ಇದ್ದಾನೆ, ದಂಡ ಕಟ್ಟುವವಳು ಇವಳು. ಹೀಗಿರುವಾಗ ಸುಮ್ಮನಿರುವುದು ಅವಳ ಹಟವಲ್ಲ, ಸರಿಯಾದ ಲೆಕ್ಕಾಚಾರ. ಅವಳ ಜಾಗದಲ್ಲಿದ್ದರೆ ನಾನೂ ಹೇಳುತ್ತಿರಲಿಲ್ಲ.

ಹೋಲಿಕೆಯ ನೋವಿಗೂ ಇದೇ ಗತಿ, ಸ್ವಲ್ಪ ಮೆದುವಾಗಿ. ‘ನಾನು ಅವಳಷ್ಟು ಚಂದ ಇಲ್ಲ’ ಎಂದು ಹದಿನೈದರ ಮಗಳು ಹೇಳಿದರೆ ನಮಗೆ ಗೊತ್ತಿರುವ ಉತ್ತರ ಎರಡು. ಒಂದು, ‘ಹೋಗಿ ಓದು, ಚಂದ ಕಟ್ಟಿಕೊಂಡು ಎಂತ ಆಗ್ಬೇಕು.’ ಇನ್ನೊಂದು, ‘ನೀನೇ ಚಂದ ಮಗಾ, ಅದೆಲ್ಲ ಸುಳ್ಳು.’ ಎರಡನೆಯದರಲ್ಲಿ ಪ್ರೀತಿ ಇದೆ, ಆದರೆ ಎರಡೂ ಮಾತನ್ನು ಅಲ್ಲಿಗೇ ಮುಗಿಸುತ್ತವೆ. ‘ಯಾರನ್ನು ನೋಡಿ ಹಾಗನಿಸಿತು, ತೋರಿಸು’ ಎಂದು ಕೇಳಿ ಪಕ್ಕದಲ್ಲಿ ಕೂತರೆ ಮಾತು ಮುಂದೆ ಹೋಗುತ್ತದೆ. ಆ ವಿಡಿಯೋ ಯಾರು ತೆಗೆದದ್ದು, ಎಷ್ಟು ಸಲ ತೆಗೆದಿರಬಹುದು, ಅವಳ ಕೈಲಿರುವ ಕ್ರೀಮಿಗೆ ಕಂಪೆನಿ ದುಡ್ಡು ಕೊಟ್ಟಿದೆಯೇ ಎಂದು ಇಬ್ಬರೂ ಒಟ್ಟಿಗೆ ಹುಡುಕಬಹುದು. ಫಿಲ್ಟರ್ ಬಗ್ಗೆ ಮಗಳಿಗೆ ಅಮ್ಮನಿಗಿಂತ ಹೆಚ್ಚು ಗೊತ್ತಿರುತ್ತದೆ. ಅವಳು ಹೇಳಿಕೊಡಲಿ.

ಕೊಲ್ಲಿಯಲ್ಲಿ ಅಪ್ಪ ಇರುವ ಮನೆಗಳ ವಿಷಯ ಬೇರೆಯೇ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಅಂಥ ಮನೆ ಇಲ್ಲದ ಊರಿಲ್ಲ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ಅವಕಾಶವಿಲ್ಲ, ಬೋಟಿಮ್‌ನಂಥ ಆ್ಯಪಿನಲ್ಲಿ ರಾತ್ರಿ ಅಪ್ಪ ಬರುತ್ತಾನೆ. ಫೋನು ಅಮ್ಮನ ಕೈಯಲ್ಲಿ, ಮನೆಯವರೆಲ್ಲ ಸುತ್ತ. ಸರದಿ ಬಂದಾಗ ಮಗನಿಗೆ ಸಿಗುವುದು ಮೂರು ಪ್ರಶ್ನೆ: ಊಟ ಆಯ್ತಾ, ಓದ್ತಿದ್ದಿಯಾ, ಮಾರ್ಕ್ ಎಷ್ಟು. ಎಲ್ಲರೆದುರು ಯಾವ ಹುಡುಗನೂ ಮನಸ್ಸಿನ ಮಾತು ಹೇಳುವುದಿಲ್ಲ. ಆಚೆ ಕಡೆ ಅಪ್ಪನಿಗೂ ಇದೇ ಬೇನೆ: ಲೇಬರ್ ಕ್ಯಾಂಪಿನ ಬಂಕಿನಲ್ಲಿ ಮಲಗುವವನು ಊರಿಗೆ ಕಳಿಸುವುದು ಮಾಲಿನ ಮುಂದೆ ನಿಂತ ಫೋಟೋ. ಮಗ ಆ ಫೋಟೋವನ್ನೇ ಸ್ಟೇಟಸ್ ಹಾಕುತ್ತಾನೆ, ಅದನ್ನು ನೋಡಿ ಪಕ್ಕದ ಮನೆಯವನು ತನ್ನ ಅಪ್ಪನನ್ನು ಅಳೆಯುತ್ತಾನೆ. ಅಪ್ಪ ಒಮ್ಮೆ ತನ್ನ ಕೋಣೆಯನ್ನು ಮಗನಿಗೆ ವಿಡಿಯೋದಲ್ಲಿ ತೋರಿಸಿದರೆ, ಫೋಟೋಕ್ಕೂ ಬದುಕಿಗೂ ಇರುವ ದೂರ ಎಷ್ಟೆಂದು ಯಾವ ಜಾಗೃತಿ ತರಗತಿಯೂ ಕಲಿಸದಷ್ಟು ಅವನಿಗೆ ತಿಳಿದೀತು. ವಾರದಲ್ಲಿ ಒಂದು ಕರೆ ಮಗನಿಗೊಬ್ಬನಿಗೇ, ಮಾರ್ಕಿನ ಮಾತಿಲ್ಲದೆ. ಅದಕ್ಕೆ ಡೇಟಾ ಬಿಟ್ಟು ಬೇರೆ ಖರ್ಚಿಲ್ಲ.

ಮನೆಯೊಳಗಿನ ಹೋಲಿಕೆಗೂ ಫಲ ಇದೆ, ಕಹಿ ಫಲ. ಅಮೆರಿಕದ ಕುಟುಂಬಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಇಬ್ಬರು ಮಕ್ಕಳಲ್ಲಿ ಒಬ್ಬರು ಹೆಚ್ಚು ಜಾಣರು ಎಂದು ಹೆತ್ತವರು ನಂಬಿದ್ದರೆ, ಮುಂದೆ ಶಾಲೆಯ ಅಂಕಗಳೂ ಆ ನಂಬಿಕೆಯ ದಾರಿಯಲ್ಲೇ ಸಾಗಿದ್ದನ್ನು ತೋರಿಸಿತು. ಹಿಂದಿನ ಅಂಕಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅದು ಹಾಗೆಯೇ ಇತ್ತು. ನಮ್ಮಲ್ಲಿ ಈ ನಂಬಿಕೆ ಮನಸ್ಸಿನೊಳಗೂ ಉಳಿಯುವುದಿಲ್ಲ. ಮದುವೆ ಮನೆಯಲ್ಲಿ ಮಗುವನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ‘ಇವಳು ಹುಷಾರಿ, ಇವ ಸ್ವಲ್ಪ ಹಿಂದೆ’ ಎನ್ನುತ್ತೇವೆ. ಮಾರ್ಕ್ ಕಾರ್ಡ್ ಬಂದ ಐದು ನಿಮಿಷಕ್ಕೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ, ಅದು ಯಾರ ಮಾರ್ಕ್ ಕಾರ್ಡೋ ಆ ಮಗುವನ್ನು ಕೇಳದೆ. ಚೆನ್ನಾಗಿ ಬಂದರೆ ಮಾತ್ರ ಹಾಕುವುದರಿಂದ, ಹಾಕದಿದ್ದರೆ ಏನರ್ಥ ಎಂಬುದೂ ಇಡೀ ಗ್ರೂಪಿಗೆ ತಿಳಿಯುತ್ತದೆ. ಇಷ್ಟೆಲ್ಲ ಮಾಡಿ ಲೈಕ್ ಎಣಿಸುವ ಮಗುವನ್ನು ಬೈಯುತ್ತೇವೆ.

ಬೀಗ ಮತ್ತು ಕೀಲಿಕೈ

ಇನ್ನು ಕಾನೂನು ಮತ್ತು ಕಂಪೆನಿಗಳ ಬೀಗ. ಆಸ್ಟ್ರೇಲಿಯಾ 2024ರ ನವೆಂಬರಿನಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರಿಗೆ ಜಾಲತಾಣದ ಖಾತೆ ಇರಕೂಡದು ಎಂದಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಕೆಳಗಿನ ಎಲ್ಲರನ್ನೂ ಮಕ್ಕಳೆಂದು ಕರೆದು, ಅವರ ದತ್ತಾಂಶ ಬಳಸಲು ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಜಾರಿ ಹಂತಹಂತವಾಗಿ. ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತಕ್ಕೂ ‘ಟೀನ್ ಅಕೌಂಟ್’ ತಂದಿತು: ಖಾತೆ ತಾನಾಗಿ ಖಾಸಗಿ, ಗುರುತಿಲ್ಲದವರ ಮೆಸೇಜಿಗೆ ತಡೆ, ಹದಿನಾರರ ಕೆಳಗಿನವರು ಇದನ್ನು ಸಡಿಲಿಸಲು ಹೆತ್ತವರ ಅನುಮತಿ.

ಇವು ಬೇಡವೆನ್ನಲಾರೆ. ಗುರುತಿಲ್ಲದವರ ಮೆಸೇಜು ತಡೆಯುವುದು ನಿಜವಾಗಿ ಉಪಕಾರಿ. ಆದರೆ ನಮ್ಮ ಮನೆಗಳಲ್ಲಿ ಸಿಮ್ಮು ಅಪ್ಪನ ಹೆಸರಿನಲ್ಲಿ, ಫೋನು ಅಮ್ಮನದ್ದು, ಖಾತೆ ತೆರೆದದ್ದು ಮಗ. ಹುಟ್ಟಿದ ವರ್ಷ ಅವನು ಹೇಳಿದ್ದೇ ವರ್ಷ. ಅಮ್ಮನ ಫೋನಿನಲ್ಲಿ ‘ಪೇರೆಂಟಲ್ ಸೂಪರ್‌ವಿಷನ್’ ಹಾಕಿಕೊಡಬೇಕಾದರೆ ಅಮ್ಮ ಕರೆಯುವುದು ಅದೇ ಮಗನನ್ನು! ಲೈಕುಗಳ ಸಂಖ್ಯೆಯನ್ನು ಅಡಗಿಸುವ ಸೌಲಭ್ಯವನ್ನೂ ಇನ್‌ಸ್ಟಾಗ್ರಾಂ 2021ರಲ್ಲೇ ಕೊಟ್ಟಿತ್ತು. ರ‍್ಯಾಂಕ್ ತೆಗೆದ ಮೇಲೆ ಫುಲ್ ಎ ಪ್ಲಸ್ ಬಂದಂತೆ, ಅಲ್ಲಿ ಲೈಕು ಅಡಗಿಸಿದರೆ ವ್ಯೂಸ್ ಇದೆ, ಫಾಲೋವರ್ಸ್ ಇದ್ದಾರೆ.

ಮನೆಯಲ್ಲಿ ನಿಯಮ ಬೇಕು. ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ ಎಂಬುದು ಸರಳ ನಿಯಮ, ಅಪ್ಪ ಅಮ್ಮನ ಫೋನಿಗೂ ಅನ್ವಯಿಸಿದರೆ ನಿಲ್ಲುತ್ತದೆ, ಇಲ್ಲವಾದರೆ ಇಲ್ಲ. ಅದಕ್ಕಿಂತ ಮುಖ್ಯ ಇನ್ನೊಂದು ಕರಾರು, ಮೊದಲೇ ಮಾತಾಡಿಕೊಳ್ಳಬೇಕಾದ್ದು: ಯಾರಾದರೂ ಹೆದರಿಸಿದರೆ, ಫೋಟೋ ಕೇಳಿದರೆ, ನಗೆಯಾಡಿದರೆ ನೀನು ಬಂದು ಹೇಳು. ಹೇಳಿದ್ದಕ್ಕೆ ಫೋನು ಹೋಗುವುದಿಲ್ಲ, ಅಣ್ಣನಿಗೂ ಚಿಕ್ಕಮ್ಮನಿಗೂ ಸುದ್ದಿ ಹೋಗುವುದಿಲ್ಲ. ಮೊದಲ ಸಲ ಮಗು ಚಿಕ್ಕ ವಿಷಯವನ್ನೇ ಹೇಳಿ ಪರೀಕ್ಷಿಸುತ್ತದೆ. ಆ ಪರೀಕ್ಷೆಯಲ್ಲಿ ಫೇಲಾದರೆ ದೊಡ್ಡ ವಿಷಯ ನಮ್ಮ ಕಿವಿಗೆ ಬೀಳುವುದಿಲ್ಲ.

ಮನೆಯ ಮಾತು ಸಾಲದಷ್ಟು ಮಗು ಕುಗ್ಗಿದ್ದರೆ, ನಿದ್ದೆ, ಊಟ, ಗೆಳೆಯರು ಎಲ್ಲ ಬಿಟ್ಟಿದ್ದರೆ, ಹೊರಗಿನ ಸಹಾಯ ಬೇಕು. ಇಲ್ಲಿ ಗಡಿನಾಡಿನ ಹಳೆಯ ಸಮಸ್ಯೆ ಮತ್ತೆ ಎದುರಾಗುತ್ತದೆ. ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ಶಾಲೆಗಳಲ್ಲಿ ಕೌನ್ಸಿಲರ್‌ಗಳನ್ನು ಇಟ್ಟಿದೆ, ಒಳ್ಳೆಯ ಕೆಲಸ. ಆದರೆ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧವೇ ಇಲ್ಲಿ ಮತ್ತೆ ಮತ್ತೆ ಪ್ರತಿಭಟನೆ ಮಾಡಬೇಕಾಗಿ ಬಂದಿದೆ. ಗಣಿತವನ್ನು ಅರೆಬರೆ ತಿಳಿದ ಭಾಷೆಯಲ್ಲಿ ಹೇಗೋ ಕಲಿಯಬಹುದು, ‘ನನಗೆ ನನ್ನನ್ನೇ ಕಂಡರೆ ಆಗುವುದಿಲ್ಲ’ ಎಂಬುದನ್ನು ಆ ಭಾಷೆಯಲ್ಲಿ ಹೇಳಲು ಹದಿನಾಲ್ಕರ ಮಗುವಿಗೆ ಆಗದು. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಬೇಡಿಕೆಪಟ್ಟಿಯಲ್ಲಿ ಅಧ್ಯಾಪಕರ ಜೊತೆಗೆ ಕನ್ನಡ, ತುಳು ಬಲ್ಲ ಕೌನ್ಸಿಲರುಗಳ ಹೆಸರೂ ಸೇರಬೇಕು. ನಮ್ಮ ಸಂಘಟನೆಗಳು ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕಾಗಿದೆ. ಸದ್ಯಕ್ಕೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಇದೆ. 14416ಕ್ಕೆ ದಿನದ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಅದು ಸೇವೆ ಕೊಡುವ ಭಾಷೆಗಳಲ್ಲಿ ಕನ್ನಡವೂ ಇದೆ. ಹೆತ್ತವರೂ ಕರೆ ಮಾಡಬಹುದು. ಮಕ್ಕಳಿಗೆ ಕಿರುಕುಳ, ಬೆದರಿಕೆಯಂಥದ್ದಾದರೆ 1098.